ರ‍್ಯಾಕ್ ತುಂಬಿರುವ ಗೋಡೌನ್‌ನಲ್ಲಿ ಟ್ರಾಲಿ ಪತ್ತೆ: ಬ್ಲೂಟೂತ್ ಸಾಕಾ, ಯುಡಬ್ಲ್ಯೂಬಿ (ಅಲ್ಟ್ರಾ-ವೈಡ್‌ಬ್ಯಾಂಡ್ ರೇಡಿಯೋ) ಬೇಕಾ?

ಪ್ರಶ್ನೆ – ಗೋಡೌನ್_ಐಟಿ
ಗೋಡೌನ್ 40 × 25 ಮೀಟರ್, ಸೂರು 7 ಮೀಟರ್. ಕಬ್ಬಿಣದ ರ‍್ಯಾಕ್‌ಗಳ ನಡುವೆ 3 ಮೀಟರ್ ಅಗಲದ 5 ಓಣಿ. ಟ್ರಾಲಿಗಳಿಗೆ ಬಿಎಲ್‌ಇ (ಕಡಿಮೆ ವಿದ್ಯುತ್ತಿನ ಬ್ಲೂಟೂತ್) ಟ್ಯಾಗ್ ಹಾಕಿದೆ, ಗೋಡೆ ಮೇಲೆ 8 ಇಎಸ್‌ಪಿ32 (ವೈಫೈ, ಬ್ಲೂಟೂತ್ ಇರುವ ಚಿಪ್) ರಿಸೀವರ್ ಇವೆ. ಆರ್‌ಎಸ್‌ಎಸ್‌ಐನಿಂದ (ಸಿಗ್ನಲ್ ಎಷ್ಟು ಜೋರಾಗಿ ಬರುತ್ತೆ ಅನ್ನೋ ಅಳತೆ) ದೂರ ತೆಗೆದು ಜಾಗ ಲೆಕ್ಕ ಹಾಕ್ತಿದ್ದೇವೆ. ನಿಂತ ಟ್ರಾಲಿಯೂ ಮ್ಯಾಪ್‌ನಲ್ಲಿ 5–6 ಮೀಟರ್ ಜಿಗಿಯುತ್ತೆ. ಕಾಲ್ಮನ್ ಫಿಲ್ಟರ್ (ಅಳತೆಯ ಏರಿಳಿತ ತಗ್ಗಿಸುವ ಲೆಕ್ಕ) ಹಾಕಿದ್ರೆ ಜಿಗಿತ ನಿಲ್ಲುತ್ತೆ, ಆದ್ರೆ ಪಕ್ಕದ ಓಣಿಯಲ್ಲೇ ಕೂತುಬಿಡುತ್ತೆ. ಯಾವ ಓಣಿ ಅಂತ ಗೊತ್ತಾದ್ರೂ ಸಾಕು.

ಆಂಟೆನಾ_ಕಟ್ಟೆ
ಫಿಲ್ಟರ್ ಬದಲಿಸಿ ಪ್ರಯೋಜನ ಇಲ್ಲ, ಒಳಗೆ ಹೋಗ್ತಿರೋ ಲೆಕ್ಕವೇ ಕೆಟ್ಟಿದೆ. ಬಯಲಲ್ಲಿ ದೂರ ಎರಡರಷ್ಟಾದಾಗ ಸಿಗ್ನಲ್ ಇಳಿಯೋದು 6 ಡಿಬಿ (ಡೆಸಿಬಲ್, ಸಿಗ್ನಲ್ ಬಲದ ಅಳತೆ). ಟ್ಯಾಗ್‌ಗೆ ಅಡ್ಡವಾಗಿ ಒಬ್ಬ ಮನುಷ್ಯ ನಿಂತರೂ ಅಷ್ಟು ಇಳಿಯಬಹುದು, ಆಗ 4 ಮೀಟರ್ ಇದ್ದದ್ದು 8 ಆಗುತ್ತೆ. ಮೇಲಿಂದ ಟ್ಯಾಗ್ 2402, 2426, 2480 ಮೆಗಾಹರ್ಟ್ಸ್ ಮೂರರಲ್ಲೂ ಕೂಗುತ್ತೆ. ಕಬ್ಬಿಣದಿಂದ ಬರೋ ಪ್ರತಿಫಲನ ಒಂದೊಂದರಲ್ಲೂ ಬೇರೆ, ಅದಕ್ಕೇ ನಿಂತಲ್ಲೇ ಜಿಗಿತ.

ಓಣಿ ಸಾಕು ಅಂದ್ರೆ ದೂರದ ಲೆಕ್ಕ ಪೂರ್ತಿ ಬಿಡಿ. ಇನ್ನೆರಡು ರಿಸೀವರ್ ಸೇರಿಸಿ, ಓಣಿಗೆ ಎರಡರಂತೆ, ಎರಡೂ ತುದಿಯಿಂದ ತಲಾ 10 ಮೀಟರ್ ದೂರದಲ್ಲಿ, 2.5 ಮೀಟರ್ ಎತ್ತರಕ್ಕೆ ಹಾಕಿ. ರ‍್ಯಾಕ್ ತಲೆಗಿಂತ ಕೆಳಗಿರಲಿ: ಆಗ ತುಂಬಿದ ರ‍್ಯಾಕೇ ಪಕ್ಕದ ಓಣಿಗೆ ಗೋಡೆಯಾಗಿ ನಿಮ್ಮ ಕೆಲಸ ಮಾಡುತ್ತೆ. ಟ್ಯಾಗ್ 300 ಮಿಲಿಸೆಕೆಂಡಿಗೊಮ್ಮೆ ಕೂಗಲಿ, ಕೊನೆಯ 5 ಸೆಕೆಂಡಿನ ಮೀಡಿಯನ್ (ಸಾಲಾಗಿ ಜೋಡಿಸಿದಾಗ ನಡುವೆ ಬರುವ ಅಳತೆ) ತಗೊಳ್ಳಿ. ಬೇರೆ ಓಣಿ 6 ಡಿಬಿ ಮುಂದಿದ್ದು 3 ಸೆಕೆಂಡ್ ಹಾಗೇ ಉಳಿದರೆ ಮಾತ್ರ ಬದಲಿಸಿ.

ಟ್ಯಾಗನ್ನು ಟ್ರಾಲಿಯ ಕಬ್ಬಿಣಕ್ಕೆ ನೇರ ಅಂಟಿಸಿದ್ದೀರಾ? ಆಂಟೆನಾದ ಟ್ಯೂನಿಂಗ್ ಹಾಳಾಗುತ್ತೆ. ನಡುವೆ 2–3 ಸೆಂ.ಮೀ. ಪ್ಲಾಸ್ಟಿಕ್ ಕೊಡಿ. ಇಎಸ್‌ಪಿ32ನಲ್ಲಿ ವೈಫೈ, ಬ್ಲೂಟೂತ್ ಎರಡಕ್ಕೂ ಒಂದೇ ರೇಡಿಯೋ, ವೈಫೈನಲ್ಲಿ ಡೇಟಾ ಕಳಿಸುವಾಗ ಟ್ಯಾಗ್‌ನ ಕೂಗು ತಪ್ಪುತ್ತೆ. ಈಥರ್ನೆಟ್ ಎಳೆಯೋದು ಒಳ್ಳೇದು.

ನ್ಯಾನೋಸೆಕೆಂಡ್
ಮುಂದೆ ಯಾವ ಶೆಲ್ಫ್ ಅನ್ನೋವರೆಗೂ ಬೇಕಾದ್ರೆ ಯುಡಬ್ಲ್ಯೂಬಿ. ಅದು ಅಳೆಯೋದು ಸಿಗ್ನಲ್ ಸಾಗುವ ಸಮಯ, 1 ನ್ಯಾನೋಸೆಕೆಂಡ್ ಅಂದ್ರೆ 30 ಸೆಂ.ಮೀ. ದೂರ. ನೇರ ಕಾಣುವಾಗ ಡಿಡಬ್ಲ್ಯೂಎಂ1001 (ಒಂದು ಯುಡಬ್ಲ್ಯೂಬಿ ಮಾಡ್ಯೂಲ್) ಸುಮಾರು 10 ಸೆಂ.ಮೀ. ನಿಖರತೆ ಕೊಡುತ್ತೆ. ರ‍್ಯಾಕ್ ಅಡ್ಡ ಬಂದ್ರೆ ಪ್ರತಿಫಲನವನ್ನೇ ಮೊದಲ ಸಿಗ್ನಲ್ ಅಂದ್ಕೊಂಡು ದೂರವನ್ನು ಹೆಚ್ಚು ತೋರಿಸುತ್ತೆ. ಒಟ್ಟು ಪವರ್ ಮತ್ತು ಮೊದಲ ದಾರಿಯ (ಎಲ್ಲಕ್ಕಿಂತ ಮೊದಲು ತಲುಪಿದ ಸಿಗ್ನಲ್‌ನ) ಪವರ್ ನಡುವಿನ ವ್ಯತ್ಯಾಸ ನೋಡಿ: 6 ಡಿಬಿ ಒಳಗಿದ್ರೆ ನಂಬಬಹುದು, 10 ದಾಟಿದ್ರೆ ಆ ಅಳತೆ ಬಿಸಾಕಿ.

ಹೆಚ್ಚಿನವರು ಎಡವೋದು ಆಂಕರ್ (ಒಂದೇ ಕಡೆ ಕೂರಿಸಿದ ಯುಡಬ್ಲ್ಯೂಬಿ ಸಾಧನ) ಇಡುವ ಜಾಗದಲ್ಲಿ. ಓಣಿಯ ನಡುಗೆರೆ ಮೇಲೆ ಎಲ್ಲವನ್ನೂ ಒಂದೇ ಸಾಲಿಗೆ ಹಾಕಿದ್ರೆ ಟ್ರಾಲಿ ಎಡಕ್ಕಿದೆಯೋ ಬಲಕ್ಕಿದೆಯೋ ತಿಳಿಯಲ್ಲ, ಎರಡಕ್ಕೂ ದೂರ ಒಂದೇ. ಎಡ-ಬಲ ಅಂಕುಡೊಂಕಾಗಿ ಹಾಕಿ, ಎಲ್ಲಿ ನಿಂತರೂ ಮೂರು ಆಂಕರ್ ಕಾಣಬೇಕು. ಟ್ಯಾಗ್ ಎತ್ತರ ಗೊತ್ತಿರೋದ್ರಿಂದ ಅದನ್ನು ಸ್ಥಿರವಾಗಿಡಿ. ಮೊದಲು 5 ಮೀಟರ್ ಅಳೆದಿಟ್ಟು ಆಂಟೆನಾ ಡಿಲೇ (ಸಾಧನದೊಳಗೇ ಸಿಗ್ನಲ್‌ಗೆ ಹಿಡಿಯುವ ಸಮಯ) ಕ್ಯಾಲಿಬ್ರೇಟ್ ಮಾಡಿ.

ಗೋಡೌನ್_ಐಟಿ
ವೈಫೈ ಆರ್‌ಟಿಟಿ (ಸಿಗ್ನಲ್ ಹೋಗಿ ಬರುವ ಸಮಯದಿಂದ ದೂರ ಅಳೆಯೋದು) ಆಗಲ್ವಾ? ಇಎಸ್‌ಪಿ32 ಇದ್ದೇ ಇವೆ.

ಆಂಟೆನಾ_ಕಟ್ಟೆ
ಹಳೇ ಇಎಸ್‌ಪಿ32ನಲ್ಲಿ ಆ ಸೌಲಭ್ಯ ಇಲ್ಲ. ಹೊಸ ಮಾದರಿಗಳಾದ ಎಸ್2, ಸಿ3, ಎಸ್3ನಲ್ಲಿ ಇದೆ. ಆದ್ರೆ ಬ್ಯಾಂಡ್‌ವಿಡ್ತ್ (ಸಿಗ್ನಲ್‌ನ ಆವರ್ತನದ ಅಗಲ, ಕಡಿಮೆಯಾದಷ್ಟೂ ಸಮಯದ ಅಳತೆ ಒರಟು) 20–40 ಮೆಗಾಹರ್ಟ್ಸ್ ಅಷ್ಟೇ, 3 ಮೀಟರ್ ಓಣಿಗೆ ಆ ಅಳತೆ ಒರಟು. ಮೊದಲು ರಿಸೀವರ್‌ಗಳ ಜಾಗ ಬದಲಿಸಿ ನೋಡಿ.