ಅಪ್‌ಡೇಟ್: ಪಂಚೆಗೆ ಮೆತ್ತಿದ್ದ ಹಲಸಿನ ಮೇಣ ಹೋಯಿತು

ಚೇಳೂರಿಂದ ತಂದ ಹಲಸಿನ ಹಣ್ಣು ಬಿಡಿಸುವಾಗ ಅಪ್ಪನ ಬಿಳಿ ಪಂಚೆಗೆ ಮೇಣ ಮೆತ್ತಿಕೊಂಡಿದೆ, ಏನು ಮಾಡಲಿ ಅಂತ ಕೇಳಿದ್ದೆ ಅಲ್ವಾ? ಪೂರ್ತಿ ಹೋಯಿತು. ಕೆಲಸ ಮಾಡಿದ್ದು ಕೊಬ್ಬರಿ ಎಣ್ಣೆ. ಹೇಳಿದವರಿಗೆ ತುಂಬಾ ಥ್ಯಾಂಕ್ಸ್.

ಒಣಬಟ್ಟೆಗೇ ಎಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟೆ. ಹೆಬ್ಬೆರಳಲ್ಲಿ ತಿಕ್ಕಿದರೆ ಮೇಣ ಕಂದು ಎಳೆಗಳಾಗಿ ಸುರುಳಿ ಸುತ್ತಿಕೊಂಡು ಎದ್ದು ಬಂತು. ನೇಯ್ಗೆ ಸಂದಿಯಲ್ಲಿದ್ದದ್ದನ್ನು ಹಳೇ ಟೂತ್‌ಬ್ರಷ್‌ನಿಂದ ತೆಗೆದೆ. ಆಮೇಲೆ ನೀರು ಹಾಕುವ ಮೊದಲೇ ಪಾತ್ರೆ ತೊಳೆಯುವ ಲಿಕ್ವಿಡ್ ತಿಕ್ಕಿ ಒಗೆದೆ. ಎಣ್ಣೆ ಕಲೆಯೂ ಇಲ್ಲ.

ಐಸ್ ಇಟ್ಟಾಗ ದಪ್ಪ ಗಂಟು ಮಾತ್ರ ಉದುರಿತು. ನಿಂಬೆಹಣ್ಣಿನಿಂದ ಏನೂ ಆಗಲಿಲ್ಲ. ಸೀಮೆಎಣ್ಣೆಗೆ ಅಮ್ಮ ಬಿಡಲಿಲ್ಲ, ವಾಸನೆ ಜಾಸ್ತಿ ಅಂತ.

ಈ ಮೇಣ ರಬ್ಬರ್ ಥರದ್ದಂತೆ. ನೀರಿಗೆ ಕರಗುವುದಿಲ್ಲ, ಎಣ್ಣೆಗೆ ಸಡಿಲವಾಗುತ್ತದೆ. ಪೂರ್ತಿ ಹೋಗುವ ತನಕ ಇಸ್ತ್ರಿ ಮಾತ್ರ ಮಾಡಬೇಡಿ. ಬಿಸಿಗೆ ಇನ್ನೂ ಒಳಗೆ ಇಳಿಯುತ್ತದೆ.