ಬಂದರಿನ ಜೀನತ್ ಬಕ್ಷ್ ಮಸೀದಿ: ಒಳಗೆ ಇಷ್ಟೊಂದು ಮರಗೆಲಸ ಏಕೆ?

ಪ್ರಶ್ನೆ:
ಕಳೆದ ವಾರ ಮಂಗಳೂರಿನ ಬಂದರು ಪ್ರದೇಶದಲ್ಲಿರುವ ಈ ಮಸೀದಿಯ ಒಳಭಾಗವನ್ನು ನೋಡುವ ಅವಕಾಶ ದೊರೆಯಿತು. ಕಂಬಗಳ ಮೇಲಿನ ಬಳ್ಳಿ, ಹೂವುಗಳ ಕೆತ್ತನೆ ನಮ್ಮ ಕರಾವಳಿಯ ದೇವಾಲಯ, ಬಸದಿಗಳನ್ನು ನೆನಪಿಸಿತು. ಅರಬ್ ವ್ಯಾಪಾರಿಗಳು ಕಟ್ಟಿದ್ದೆನ್ನಲಾಗುವ ಮಸೀದಿಯಲ್ಲಿ ಈ ಶೈಲಿ ಹೇಗೆ ಬಂತು?

ಉತ್ತರ 1:
ಬಂದವರು ಅರಬರಾದರೂ ಉಳಿ ಹಿಡಿದವರು ಇಲ್ಲಿನ ಆಚಾರಿಗಳೇ (ಬಡಗಿಗಳೇ) ಇರಬೇಕೆಂದು ನಾನು ನಂಬುತ್ತೇನೆ. ಘಟ್ಟದ ಮರ ಸುಲಭವಾಗಿ ಸಿಗುತ್ತಿದ್ದ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಮಳೆ ಸುರಿಯುವ ಈ ಊರಿನಲ್ಲಿ, ನೀರು ಜಾರಿಹೋಗುವ ಇಳಿಜಾರು ಮಾಡು ಮತ್ತು ಅದನ್ನು ಹೊರುವ ಮರದ ಕಂಬ, ತೊಲೆಗಳು ಮನೆಗೂ ಗುಡಿಗೂ ಪಳ್ಳಿಗೂ (ಮಸೀದಿಗೂ) ಸಮಾನವಾಗಿ ಒದಗಿಬಂದವು. ಗುಮ್ಮಟ ಇಲ್ಲಿನ ಹಳೆಯ ಪಳ್ಳಿಗಳ ರೂಢಿಯಲ್ಲ.

ಉತ್ತರ 2:
ಕಾಲದ ಬಗ್ಗೆ ಒಂದು ಮಾತು. ಕ್ರಿ.ಶ. 644ರಲ್ಲಿ ಇಸ್ಲಾಂ ಧರ್ಮಪ್ರಚಾರಕ ಮಾಲಿಕ್ ದೀನಾರ್ ಬಳಗದವರು ಮಸೀದಿಯನ್ನು ಸ್ಥಾಪಿಸಿದರೆಂಬುದು ಪರಂಪರೆಯ ನಂಬಿಕೆ. ಅದನ್ನು ಗೌರವದಿಂದಲೇ ಐತಿಹ್ಯವೆಂದು ಕರೆಯೋಣ. ಲಿಖಿತ ಸಾಕ್ಷ್ಯವೆಂದರೆ, 14ನೆಯ ಶತಮಾನದಲ್ಲಿ ಇಲ್ಲಿಗೆ ಬಂದ ಮೊರಾಕೊದ ಪ್ರವಾಸಿ ಇಬ್ನ್ ಬತೂತ ಮಂಜರೂರಿನಲ್ಲಿ (ಮಂಗಳೂರಿನಲ್ಲಿ) ಸುಮಾರು 4,000 ಮುಸ್ಲಿಮರಿದ್ದರೆಂದೂ, ಫಾರ್ಸ್ (ಪರ್ಷಿಯಾ) ಮತ್ತು ಯೆಮನ್‌ನ ವರ್ತಕರು ಇಲ್ಲಿಗೆ ಬರುತ್ತಿದ್ದರೆಂದೂ ಬರೆದಿದ್ದಾನೆ. ಇಲ್ಲಿನ ಮುಸ್ಲಿಮರಾದ ಬ್ಯಾರಿಗಳು ಇಂದಿಗೂ ಅನುಸರಿಸುವ, ಯೆಮನ್‌ನಲ್ಲೂ ರೂಢಿಯಲ್ಲಿರುವ ಶಾಫಿ ಎಂಬ ಇಸ್ಲಾಮೀ ಧರ್ಮಶಾಸ್ತ್ರ ಪಂಥ ಆ ಕಡಲ ನಂಟಿನ ಕುರುಹು. ಮುಂದೆ ಟಿಪ್ಪು ಸುಲ್ತಾನ್ ಮಸೀದಿಯನ್ನು ನವೀಕರಿಸಿ ಮಗಳ ಹೆಸರಿಟ್ಟನೆಂದು ಹೇಳುತ್ತಾರೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ವಂದನೆಗಳು. ಮುಂದಿನ ಬಾರಿ ಒಳಗಿನ ಹದಿನಾರು ಕಂಬಗಳನ್ನು ಒಂದೊಂದಾಗಿ ನಿಂತು ನೋಡುತ್ತೇನೆ.