ಸಂಜೆಯಾದ್ರೆ "ಮನೆಗೆ ಹೋಗ್ಬೇಕು" ಅಂತ ಹೊರಟುಬಿಡ್ತಾರೆ: ಮರೆವಿನ ಕಾಯಿಲೆ, ಒಂಟಿ ಮನೆ, ಮಳೆಗಾಲ

ತೋಟದಮನೆ:
ಮಾವನವರಿಗೆ 78. ಡಿಮೆನ್ಷಿಯಾ ಅಂತ ಗೊತ್ತಾಗಿ ಒಂದೂವರೆ ವರ್ಷ, ಮರೆವಿಗೆ ಕೊಡೋ ಡೊನೆಪೆಜಿಲ್ ಮಾತ್ರೆ 5 ಮಿ.ಗ್ರಾಂ. ರಾತ್ರಿ ಕೊಡ್ತಿದ್ದೀವಿ. ತೀರ್ಥಹಳ್ಳಿ ಕಡೆ ಒಂಟಿ ಮನೆ, ಅಂಗಳ ಇಳಿದ್ರೆ ತೋಟ, ತೋಟದ ಕೆಳಗೆ ಹಳ್ಳ. ದಿನಾ ಸಂಜೆ ಐದರ ಹೊತ್ತಿಗೆ "ಮನೆಗೆ ಹೋಗ್ಬೇಕು, ದನ ಬಂದಿರ್ತಾವೆ" ಅಂತ ಹೊರಡ್ತಾರೆ. ಇದೇ ನಿಮ್ಮನೆ ಅಂದ್ರೆ ಸಿಟ್ಟು. ಮಾತ್ರೆ ನುಂಗಿದ್ದು ಮರೆತು ಮತ್ತೆ ಕೇಳ್ತಾರೆ. ಸ್ನಾನಕ್ಕಂತೂ ಬರೋದೇ ಇಲ್ಲ. ಮಳೆಗಾಲ ಹತ್ತಿರ ಬಂತು, ಕರೆಂಟಿನ ಕಥೆ ಗೊತ್ತೇ ಇದೆ. ಏನು ಮಾಡೋದು?

ದಣಪೆ:
"ಇದೇ ನಿಮ್ಮನೆ" ಅನ್ನೋದನ್ನ ಇವತ್ತಿಂದಲೇ ಬಿಡಿ. ಅವರು ಕೇಳ್ತಿರೋ ಮನೆ ಐವತ್ತು ವರ್ಷ ಹಿಂದಿನದು, ವಾದದಲ್ಲಿ ಅದು ಸಿಗಲ್ಲ. "ಹೌದು, ದನ ಬರೋ ಹೊತ್ತು. ಕಾಫಿ ಕುಡ್ಕೊಂಡು ಹೊರಡೋಣ" ಅನ್ನಿ. ಅಷ್ಟಕ್ಕೂ ಎದ್ದರೆ ಜೊತೆಗೇ ಹೋಗಿ ಅಂಗಳ ಒಂದು ಸುತ್ತು ಹಾಕಿಸಿ, ಹಿತ್ತಲ ಬಾಗಿಲಿಂದ ಒಳಗೆ ಕರ್ಕೊಂಡು ಬನ್ನಿ. ಎಷ್ಟೋ ಸಲ ಮನೆಗೆ ಬಂದ ಹಾಗೇ ಆಗುತ್ತೆ ಅವರಿಗೆ. ಮೂತ್ರಕ್ಕೆ ಅವಸರವಾದಾಗ, ಹಸಿದಾಗ, ಚಳಿ ಆದಾಗಲೂ ಇದೇ ಮಾತು ಬರುತ್ತೆ. ಮೊದಲು ಅದನ್ನ ನೋಡಿ.

ಬೆಳಕು ಮುಖ್ಯ. ಮಳೆಗಾಲದಲ್ಲಿ ಜಗಲಿ ನಾಲ್ಕೂವರೆಗೇ ಕತ್ತಲು. ನೆರಳು ಉದ್ದ ಆಗ್ತಾ ಬಂದ ಹಾಗೆ ಗಾಬರಿ ಹೆಚ್ಚುತ್ತೆ. ನಾಲ್ಕಕ್ಕೇ ದೀಪ ಹಾಕಿ. ಇನ್ವರ್ಟರ್ ಇದ್ದರೆ ಟಿವಿಗಿಂತ ಮೊದಲು ಜಗಲಿ, ಅವರ ಕೋಣೆ, ಬಚ್ಚಲಿಗೆ ಹೋಗೋ ದಾರಿ, ಈ ಮೂರಕ್ಕೆ ಲೈನ್ ಎಳೆಸಿ. ಆ ಹೊತ್ತಿಗೆ ಕೈಗೊಂದು ಕೆಲಸ ಕೊಡಿ: ಹುರುಳಿಕಾಯಿ ನಾರು ತೆಗೆಯೋದು, ಬಾಳೆನಾರು ಸೀಳೋದು. ಅಡಿಕೆ ಸುಲಿಯೋ ಕತ್ತಿ ಮಾತ್ರ ಬೇಡ.

ಚಪ್ಪಲಿ, ಕೊಡೆ, ಕಂಬಳಿ ಕಣ್ಣಿಗೆ ಬಿದ್ದರೆ ಹೊರಡೋ ನೆನಪಾಗುತ್ತೆ. ಒಳಗಿಡಿ. ಬಾಗಿಲಿಗೆ ಚಿಲಕ ತೀರಾ ಮೇಲೆ ಅಥವಾ ತೀರಾ ಕೆಳಗೆ ಹಾಕಿಸಿ. ರೂಢಿಯಾದ ಎತ್ತರ ಬಿಟ್ಟು ಬೇರೆ ಕಡೆ ಅವರು ಹುಡುಕೋದು ಕಡಿಮೆ. ದಣಪೆಗೆ, ಅಂದ್ರೆ ಬೇಲಿಯ ಗೇಟಿಗೆ, ದನದ ಗಂಟೆ ಕಟ್ಟಿ. ಜಿಪಿಎಸ್ ವಾಚು ಸಿಗ್ನಲ್ ಇಲ್ಲದ ಕಡೆ ಬರೀ ವಾಚು. ಅದರ ಬದಲು ಅಂಗಿಯ ಒಳಗಡೆ ಫೋನ್ ನಂಬರ್ ಇರೋ ಬಟ್ಟೆಚೀಟಿ ಹೊಲಿದುಬಿಡಿ. ಅವರೊಬ್ಬರನ್ನೇ ಬಿಟ್ಟು ಹೊರಗಿಂದ ಬೀಗ ಹಾಕ್ಬೇಡಿ. ಬೆಂಕಿ ಬಿದ್ದರೆ ದಾರಿ ಇರಲ್ಲ.

ಕಾಣದೇ ಹೋದರೆ ಮೊದಲು ನೀರು: ಬಾವಿ, ಹಳ್ಳ, ಕೆರೆ. ಆಮೇಲೆ ಹಳೇ ಕಾಲುದಾರಿ. ಹೆಚ್ಚಿನವರು ಹತ್ತಿರದಲ್ಲೇ ಪೊದೆಗೋ ಬೇಲಿಗೋ ಸಿಕ್ಕಿಹಾಕ್ಕೊಂಡು ನಿಂತಿರ್ತಾರೆ, ಕೂಗಿದರೆ ಓಗೊಡಲ್ಲ. ಹುಡುಕ್ತಾ ಇರೋವಾಗಲೇ ಇನ್ನೊಬ್ಬರು 112ಕ್ಕೆ ಫೋನ್ ಮಾಡಲಿ.

ಮಾತ್ರೆಡಬ್ಬಿ:
ಮಾತ್ರೆ ಬೀಗದಲ್ಲಿರಲಿ. ಏಳು ದಿನದ ಡಬ್ಬಿ ತುಂಬಿ, ನೀವೇ ಕೈಗೆ ಕೊಟ್ಟು, ನುಂಗಿದ್ದು ನೋಡಿ. ಮತ್ತೆ ಕೇಳಿದರೆ ಡಬ್ಬಿಯಲ್ಲಿ ಖಾಲಿಯಾದ ಇವತ್ತಿನ ಖಾನೆ ತೋರಿಸಿ. ಒಂದು ಹೊತ್ತು ತಪ್ಪಿದರೆ ಮರುದಿನ ಎರಡು ಕೊಡ್ಬೇಡಿ. ಡೊನೆಪೆಜಿಲ್ ಹೆಚ್ಚಾದರೆ ವಾಂತಿ, ನಾಡಿ ನಿಧಾನ, ತಲೆಸುತ್ತಿ ಬೀಳೋದು. ಕಾಯ್ಬೇಡಿ, ಆಸ್ಪತ್ರೆಗೆ ಹೋಗಿ. ರಾತ್ರಿ ಕೆಟ್ಟ ಕನಸು ಬೀಳ್ತಿದ್ದರೆ ಬೆಳಿಗ್ಗೆ ಕೊಡಬಹುದಾ ಅಂತ ವೈದ್ಯರನ್ನ ಕೇಳಿ.

ಶೀತ ಅಂತ ಅಂಗಡಿಯಿಂದ ತರೋ ಸಿರಪ್‌ನಲ್ಲಿ ಕ್ಲೋರ್‌ಫೆನಿರಮಿನ್ ಅನ್ನೋ ಅಲರ್ಜಿ ಔಷಧಿ ಇದೆಯಾ ನೋಡಿ. ಮರೆವು, ಮಂಪರು ಎರಡನ್ನೂ ಹೆಚ್ಚು ಮಾಡುತ್ತೆ, ಡೊನೆಪೆಜಿಲ್ ಮಾಡೋ ಕೆಲಸಕ್ಕೇ ಉಲ್ಟಾ. ಇನ್ನೊಂದು: ಎರಡೇ ದಿನದಲ್ಲಿ ಗೊಂದಲ ಏಕಾಏಕಿ ಏರಿದರೆ "ಕಾಯಿಲೆ ಜಾಸ್ತಿಯಾಯ್ತು" ಅಂತ ಸುಮ್ಮನಾಗ್ಬೇಡಿ. ಮೂತ್ರದ ಸೋಂಕು, ಮಲಬದ್ಧತೆ, ಸೋಡಿಯಂ ಇಳಿದಿರೋದು, ಬಿದ್ದು ತಲೆಯೊಳಗೆ ರಕ್ತ ಕಟ್ಟಿರೋದು, ಎಲ್ಲಾ ಹೀಗೇ ಕಾಣುತ್ತೆ. ಬಿ12, ಥೈರಾಯ್ಡ್ ಪರೀಕ್ಷೆ ಆಗಿಲ್ಲ ಅಂದ್ರೆ ಅದನ್ನೂ ಮಾಡಿಸಿ.

ಹಂಡೆನೀರು:
ಸ್ನಾನ ಮಾಡ್ತೀರಾ ಅಂತ ಕೇಳಿದರೆ "ಇಲ್ಲ" ಅನ್ನೋದು ಸುಲಭ. "ನೀರು ಕಾದಿದೆ, ಬನ್ನಿ" ಅನ್ನಿ, ಅಷ್ಟೇ. ನಮ್ಮ ಕಡೆ ಬಚ್ಚಲು ಅಂದ್ರೆ ಕತ್ತಲು, ಹೊಗೆ, ಜಾರೋ ಕಲ್ಲು. ಹೆದರಿಕೆ ಸಹಜ. ಬಲ್ಬ್ ಹಾಕಿ, ಪಾಚಿ ಉಜ್ಜಿ, ಪ್ಲಾಸ್ಟಿಕ್ ಕುರ್ಚಿ ಇಡಿ. ಬಕೆಟ್ಟಿಗೆ ಮೊದಲು ತಣ್ಣೀರು, ಮೇಲೆ ಹಂಡೆ ನೀರು, ಮೊಣಕೈ ಅದ್ದಿ ನೋಡಿ. ಹಂಡೆಗೆ ಅವರ ಕೈ ಎಟುಕಬಾರದು. ಹೆಗಲ ಮೇಲೆ ಟವೆಲ್ ಹೊದೆಸಿ, ಪಾದದಿಂದ ಶುರು ಮಾಡಿ, ತಲೆ ಕೊನೆಗೆ. ಮುಖಕ್ಕೆ ನೀರು ಸುರಿದ್ರೆ ಮುಗೀತು ಅವತ್ತಿನ ಕಥೆ. ವಾರಕ್ಕೆ ಎರಡು ಸಲ ಸಾಕು, ಮಿಕ್ಕ ದಿನ ಬಿಸಿನೀರಲ್ಲಿ ಹಿಂಡಿದ ಬಟ್ಟೆಯಲ್ಲಿ ಒರೆಸಿ.

ಮಲೆಸೀಮೆ:
ಒಂದೆಲಗದ ತಂಬುಳಿ ದಿನಾ ಕೊಡಿ, ನೆನಪು ವಾಪಸ್ ಬರುತ್ತೆ.

ಮಾತ್ರೆಡಬ್ಬಿ:
ತಂಬುಳಿ ಊಟಕ್ಕೆ ಚೆನ್ನ, ಕೊಡಿ ಮಾರಾಯ್ರೆ. ಹೋದ ನೆನಪು ಅದರಿಂದ ಬರಲ್ಲ. ಅದನ್ನ ನಂಬಿ ಮಾತ್ರೆ ನಿಲ್ಲಿಸ್ಬೇಡಿ.

ತೋಟದಮನೆ:
ಚಿಲಕ, ಗಂಟೆ ಈ ವಾರವೇ ಮಾಡ್ತೀವಿ. ಕೊಟ್ಟಿಗೆ ಅಟ್ಟದ ಸಾಮಾನಿನ ಯೋಚನೆ ಮಾಡಿರಲಿಲ್ಲ, ಅಲ್ಲೇನಾದ್ರೂ ತೆಗೀಬೇಕಾ?

ದಣಪೆ:
ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯೋ ಕಾಲ ಬಂತಲ್ಲ, ಅದಕ್ಕೆ ಬಳಸೋ ಮೈಲುತುತ್ತ (ಕಾಪರ್ ಸಲ್ಫೇಟ್) ಎಲ್ಲಿದೆ ಮೊದಲು ನೋಡಿ. ನೀಲಿ ಕಲ್ಲುಸಕ್ಕರೆ ಥರ ಕಾಣುತ್ತೆ, ಬಾಯಿಗೆ ಹಾಕ್ಕೊಂಡರೆ ವಿಷ. ಸುಣ್ಣ, ಕಳೆನಾಶಕ ಎಲ್ಲಾ ಅದರ ಜೊತೆಗೇ ಬೀಗದಲ್ಲಿರಲಿ. ಕಲಸಿದ ದ್ರಾವಣವನ್ನ ಕುಡಿಯೋ ನೀರಿನ ಕೊಡದಲ್ಲೋ ಬಾಟಲಿಯಲ್ಲೋ ಒಂದು ಗಳಿಗೆಯೂ ಇಡ್ಬೇಡಿ. ಎಲೆಯಡಿಕೆ ತಟ್ಟೆಯ ಸುಣ್ಣದ ಡಬ್ಬಿ ನೀವೇ ಇಟ್ಕೊಂಡು, ಎಲೆಗೆ ಹಚ್ಚಿ ಕೊಡಿ. ಗ್ಯಾಸ್ ಸಿಲಿಂಡರ್ ರೆಗ್ಯುಲೇಟರ್ ರಾತ್ರಿ ಮಾತ್ರ ಅಲ್ಲ, ಅಡಿಗೆ ಮುಗಿದಾಗಲೆಲ್ಲ ಆಫ್ ಮಾಡಿ.

ನಿಮಗೇ ನಿದ್ದೆಗೆಟ್ಟು ತಡೆಯಕ್ಕಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ. ರಾತ್ರಿ ಪಾಳಿ ಮಾತ್ರ ಒಬ್ಬರ ಮೇಲೇ ಹಾಕ್ಬೇಡಿ, ಮನೆಯವರು ದಿನ ಹಂಚ್ಕೊಳ್ಳಿ.